ಹತ್ತು ಸಾವಿರದ ಸಾಹುಕಾರರು

ಗಂಗಾವತಿಯ ಜೂನಿಯರ್ ಕಾಲೇಜು ಮೈದಾನಕ್ಕೆ ಬೆಳಗಿನ ಐದೂವರೆಗೆ ಹೋದರೆ ಅವರು ಸಿಗುತ್ತಾರೆ. ಕೊಪ್ಪಳದಲ್ಲಾದರೆ ಜಿಲ್ಲಾ ಕ್ರೀಡಾಂಗಣದಲ್ಲಿ, ಕುಷ್ಟಗಿಯಲ್ಲಾದರೆ ಹೆದ್ದಾರಿಯ ಅಂಚಿನಲ್ಲಿ, ಯಲಬುರ್ಗಾದಲ್ಲಾದರೆ ಊರು ದಾಟಿದ ಮೇಲೆ. ಊರು ಯಾವುದಾದರೂ ವೇಷ ಒಂದೇ. ಮಗ ಬೆಂಗಳೂರಿನಿಂದ ಕಳಿಸಿದ ಟೀ ಶರ್ಟು, ಮಗಳು ಕೊಡಿಸಿದ ಬೂಟು, ಹಣೆಯಲ್ಲಿ ವಿಭೂತಿ, ಅಂಗೈಗಿಂತ ದೊಡ್ಡದಾದ ಮೊಬೈಲು. ಎದುರಾದರೆ ನಮಸ್ಕಾರ ಎನ್ನುವುದಿಲ್ಲ. “ನಿಮ್ಮವೆಷ್ಟಾದವು?” ಎನ್ನುತ್ತಾರೆ.

ನಾಲ್ಕೂ ಊರಿನ ಮಾದರಿಗಳಲ್ಲಿ ಗಂಗಾವತಿಯದೇ ಬಲಿತದ್ದು. ಈ ಸಾಹುಕಾರರದು ದಲಾಲಿ ಅಂಗಡಿ. ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ನೀರು ಬಂತೆಂದರೆ ಭತ್ತ, ಭತ್ತ ಬಂತೆಂದರೆ ಗಾದಿ, ಗಾದಿ ಮೇಲೆ ಕುಳಿತರೆಂದರೆ ಮುಗಿಯಿತು. ಅರ್ಧ ಆಯುಷ್ಯ ಲೋಡಿಗೆ ಒರಗಿಯೇ ಕಳೆದಿತ್ತು. ಒಂದು ದಿನ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಸಿಕ್ಕಿತು. ಡಾಕ್ಟರು “ನಡೀರಿ” ಎಂದರು. ಮಗ ಮೊಬೈಲಿನಲ್ಲಿ ಒಂದು ಆ್ಯಪು ಹಾಕಿಕೊಟ್ಟ, ಗೆಳೆಯರ ಹೆಜ್ಜೆಗಳನ್ನೆಲ್ಲ ಪಟ್ಟಿ ಮಾಡಿ ಮೇಲೆ ಯಾರು, ಕೆಳಗೆ ಯಾರು ಎಂದು ತೋರಿಸುವಂಥದ್ದು. ಡಾಕ್ಟರ ಮಾತು ಅಲ್ಲಿಗೆ ಮರೆತುಹೋಯಿತು. ಪಟ್ಟಿಯಲ್ಲಿ ಕುಷ್ಟಗಿಯ ಬೀಗರು ಮೇಲಿದ್ದರು.

ಅಂದಿನಿಂದ ವ್ಯಾಪಾರಕ್ಕೆ ಹಳೆಯ ಬಟನ್ ಮೊಬೈಲು, ಆರೋಗ್ಯಕ್ಕೆ ಈ ದೊಡ್ಡ ಮೊಬೈಲು ಎಂದು ಎರಡು ಖಾತೆ ಬೇರೆಯಾದವು. ಹೆಜ್ಜೆಗಳಿಗೂ ಅಂಗಡಿಯ ಕಿರ್ದಿಯ ಶಿಸ್ತೇ. ರಾತ್ರಿ ಹನ್ನೊಂದೂವರೆಗೆ ಎದ್ದು ಪಡಸಾಲೆಯಲ್ಲಿ ಗಿರಕಿ ಹೊಡೆಯುತ್ತಿದ್ದರೆ ಮನೆಯವರು ಹೆದರುವುದಿಲ್ಲ. “ಆರ್ನೂರು ಬಾಕಿ ಅದಾವು, ಹನ್ನೆರಡರೊಳಗ ಜಮಾ ಆಗಬೇಕು” ಎನ್ನುತ್ತಾರೆ. ಮೊಬೈಲು ಚಾರ್ಜಿಗಿಟ್ಟಾಗ ನೀರು ಕುಡಿಯಲೂ ಏಳುವುದಿಲ್ಲ. ಲೆಕ್ಕಕ್ಕೆ ಬಾರದ ಹೆಜ್ಜೆ ಅವರ ಮಟ್ಟಿಗೆ ರಸೀದಿ ಇಲ್ಲದೆ ಹೋದ ಮಾಲು.

ನಾಟಿಯ ಕಾಲದಲ್ಲಿ ಒಮ್ಮೆ ಕಾಲುವೆಯ ಏರಿ ಮೇಲೆ, ಮೊಬೈಲಿನಲ್ಲೇ ಕಣ್ಣಿಟ್ಟು, ಅತ್ತಿಂದಿತ್ತ ಇತ್ತಿಂದತ್ತ ನಡೆದಿದ್ದರು. ಕೆಳಗೆ ಗದ್ದೆಯಲ್ಲಿ ಸಸಿ ಹಚ್ಚುತ್ತಿದ್ದ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿ, “ಏನ್ ಕಳಕೊಂಡೀರ್ರಿ ಸಾವ್ಕಾರ್ರ? ನಾವೂ ಹುಡುಕಲೇನು?” ಎಂದು ಕೇಳಿದಳು. ಅವಳು ಮುಂಜಾನೆಯಿಂದ ಮೊಣಕಾಲು ಕೆಸರಿನಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಲೇ ಇದ್ದಳು. ಆ ಹೆಜ್ಜೆಗಳನ್ನು ಯಾವ ಆ್ಯಪೂ ಕೇಳಿರಲಿಲ್ಲ.

ದಿನಕ್ಕೆ ಹತ್ತು ಸಾವಿರ ಹೆಜ್ಜೆಯೇ ಯಾಕೆ ಎಂದು ಯಲಬುರ್ಗಾದ ನಿವೃತ್ತ ಮಾಸ್ತರರೊಬ್ಬರು ಒಮ್ಮೆ ಕೆದಕಿದರು. ಆ ಅಂಕಿ ಇಟ್ಟವರು ಡಾಕ್ಟರಲ್ಲ. 1964ರ ಟೋಕಿಯೊ ಒಲಿಂಪಿಕ್ಸಿನ ಹುರುಪಿನಲ್ಲಿ ಜಪಾನಿನ ಯಮಾಸಾ ಕಂಪನಿ 1965ರಲ್ಲಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಕೆಯ ಯಂತ್ರ ಮಾರಲು ಹೊರಟಾಗ ಅದಕ್ಕಿಟ್ಟ ಹೆಸರಿನಲ್ಲಿತ್ತು ಅದು. ಹಾರ್ವರ್ಡಿನ ಐ-ಮಿನ್ ಲೀ ಮತ್ತು ಸಂಗಡಿಗರು 16 ಸಾವಿರಕ್ಕೂ ಹೆಚ್ಚು ವಯಸ್ಸಾದ ಹೆಣ್ಣುಮಕ್ಕಳನ್ನು ಗಮನಿಸಿ 2019ರಲ್ಲಿ ಬರೆದದ್ದೇ ಬೇರೆ: ದಿನಕ್ಕೆ 4,400 ಹೆಜ್ಜೆ ಹಾಕುವವರಲ್ಲೇ ಸಾವು 2,700 ಹಾಕುವವರಿಗಿಂತ ಸಾಕಷ್ಟು ಕಡಿಮೆ, 7,500ರ ಆಸುಪಾಸಿನಿಂದಾಚೆ ಹೆಚ್ಚಿನ ಲಾಭ ಕಾಣಲಿಲ್ಲ. ಸಾಹುಕಾರರ ಕಿವಿ ನೆಟ್ಟಗಾಯಿತು. “ಅಂದ್ರ ಅದು ಅಂಗಡ್ಯಾಂವ ಹಾಕಿದ ರೇಟು! ಮೊದಲ ಹೇಳಬಾರದೇನ್ರಿ ಮಾಸ್ತರ?” ಎಂದವರೇ ಚೌಕಾಸಿಗೆ ಇಳಿಯುವವರಿದ್ದರು. ಅಷ್ಟರಲ್ಲಿ ಕುಷ್ಟಗಿಯಿಂದ ಹನ್ನೊಂದು ಸಾವಿರ ಬಂದು ಬಿತ್ತು.

ವಾಕಿಂಗ್ ಮುಗಿದ ಮೇಲೆ ಒಗ್ಗರಣಿ-ಮಿರ್ಚಿ. ಇದರಲ್ಲಿ ನಾನು ಅವರ ಪಕ್ಷ. ನಮ್ಮ ಕಡೆ ಬೆಳಗಾದದ್ದು ಗೊತ್ತಾಗುವುದೇ ಕಾದ ಎಣ್ಣೆಯ ಸಪ್ಪಳದಿಂದ. ಆ್ಯಪು ಇಷ್ಟು ಕ್ಯಾಲರಿ ಸುಟ್ಟಿರಿ ಎಂದು ಶಾಭಾಸ್ ಹೇಳಿತೆಂದರೆ ಅಷ್ಟನ್ನು ತಿರುಗಿ ತುಂಬುವುದು ಲೆಕ್ಕದ ಮನುಷ್ಯನ ಧರ್ಮ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಂತೂ ಕೇಳಬೇಡಿ. ದಾಸೋಹದ ಮಿರ್ಚಿ ಪ್ರಸಾದ, ಪ್ರಸಾದಕ್ಕೆ ಕ್ಯಾಲರಿ ಇಲ್ಲ.

ಅವರಿಗೆ ಪೆಟ್ಟು ಬಿದ್ದದ್ದು ಅಂಜನಾದ್ರಿಯಲ್ಲಿ. 575 ಮೆಟ್ಟಿಲು ಏದುಸಿರು ಬಿಡುತ್ತ ಹತ್ತಿ, ಹನುಮಪ್ಪನಿಗೆ ಕೈಮುಗಿದು, ಮೊಬೈಲು ತೆಗೆದರೆ ಲೆಕ್ಕ ಆರ್ನೂರು ಚಿಲ್ಲರೆ! ಮೈದಾನದಲ್ಲಿ ಹರಟೆ ಹೊಡೆಯುತ್ತ ಹಾಕುವ ಒಂದು ಸುತ್ತಿಗೂ ಇಷ್ಟೇ. ಬೆವರಿಗೆ ಬೇರೆ ಕಾಲಮ್ಮಿಲ್ಲವೇ ಎಂದು ಸಿಟ್ಟಿನಲ್ಲಿ ಮೊಬೈಲು ನೋಡುತ್ತಲೇ ಇಳಿದರು. ಕೊನೆಯ ಮೆಟ್ಟಿಲುಗಳಲ್ಲಿ ಕಾಲು ಉಳುಕಿತು.

ಕಾಲು ಬಾತದ್ದಕ್ಕಿಂತ ಪಟ್ಟಿಯಲ್ಲಿ ಕೆಳಗಿಳಿಯುವ ಸಂಕಟವೇ ಹೆಚ್ಚಾಯಿತು. ಮೊಬೈಲಿಗೆ ಕಾಲು ಕಾಣುವುದಿಲ್ಲ, ಒಳಗಿನ ಸೆನ್ಸರು ಅಲುಗಾಟದ ಲಯ ನೋಡಿ ಹೆಜ್ಜೆ ಎಂದುಕೊಳ್ಳುತ್ತದೆ ಎಂದು ಮೊಮ್ಮಗ ಗುಟ್ಟು ಹೇಳಿದ. ಕೂಸಿನ ತೊಟ್ಟಿಲಿಗೆ ಕಟ್ಟಿ ನೋಡಿದರು. ಆ ನಿಧಾನದ ತೂಗಾಟಕ್ಕೆ ಅದು ಏಮಾರಲಿಲ್ಲ. ಆಗ ಕಣ್ಣು ಹೆಂಡತಿಯ ಮೇಲೆ ಬಿತ್ತು.

ಇಳಕಲ್ ಸೀರೆಗೆ ಕಿಸೆ ಎಲ್ಲಿಂದ ಬರಬೇಕು? ಸೊಂಟದ ಎಲೆ-ಅಡಿಕೆ ಸಂಚಿಯಲ್ಲಿ ಮೊಬೈಲು ಹೋಯಿತು. ಅಂದು ನಳದ ನೀರು ಬರುವ ದಿನ. ಕೊಡ ತುಂಬುವುದು, ಹಿತ್ತಲು, ಮಾಳಿಗೆ ಮೇಲೆ ಸಂಡಿಗೆ, ಎಮ್ಮೆ, ರೊಟ್ಟಿ, ಮತ್ತೆ ಹಿತ್ತಲು. ಸಂಜೆ ನೋಡಿದರೆ 14,386! ಮೈದಾನದಲ್ಲಿ ಅವರು ಎಂದೂ ಕಾಣದ ಅಂಕಿ. ಬೀಗರು ಕೆಳಗೆ. “ಉಳುಕಿದ ಕಾಲಾಗ ಹೆಂಗ್ರಿ?” ಎಂದು ಮಾಸ್ತರರು ಬರೆದರೆ, “ಮನೋಬಲ” ಎಂದು ಉತ್ತರ ಹೋಯಿತು, ಎರಡು ಕೈಮುಗಿದ ಚಿತ್ರಗಳ ಸಮೇತ.

“ಇದಕ್ಕ ಏನರ ಕೊಡ್ತಾರೇನ್ರಿ?” ಎಂದರು ಸಾಹುಕಾರ್ತಿ.

“ಕೊಡೂದೇನ, ಮರ್ಯಾದಿ.”

“ಮರ್ಯಾದಿ ನಿಮಗ, ಹೆಜ್ಜಿ ನಂದು. ಸಾವಿರಕ್ಕ ಹತ್ತು ರೂಪಾಯಿ ಹಚ್ಚಿ ಕೊಡ್ರಿ.”

“ಮಾಲು ಇಳಿಸಿದ ಮ್ಯಾಲ ರೇಟು ಹೇಳ್ತಿಯೇನು? ಕೊಡ್ತೀನಿ, ದಲಾಲಿ ಮುರಕೊಂಡು.”

ಆಕೆ ಇನ್ನೊಂದು ಮಾತಾಡಲಿಲ್ಲ. ಮರುದಿನ ಸಂಚಿ ಬಿಗಿದುಕೊಂಡು ಯಲಬುರ್ಗಾದ ಬಸ್ಸು ಹತ್ತಿದರು. ತವರಿನಲ್ಲಿ ಅತ್ತಿಗೆಯರು ನೀರಿನ ತಂಬಿಗೆಯನ್ನೂ ಎತ್ತಗೊಡಲಿಲ್ಲ. ಕೂತಲ್ಲಿಗೇ ಚಹಾ, ಕೂತಲ್ಲಿಗೇ ಊಟ. ಆ ದಿನದ ಪಟ್ಟಿಯಲ್ಲಿ ಗಂಗಾವತಿಯ ಸಾಹುಕಾರರ ಹೆಸರಿನೆದುರು 212.

ರಾತ್ರಿಯೇ ಕುಷ್ಟಗಿಯ ಬೀಗರು ಗಾಬರಿಯಿಂದ ಫೋನು ಹಚ್ಚಿದರು: “ಯಾಕ್ರಿ ಬೀಗರ, ಆರಾಮಿಲ್ಲೇನು?”

“ಅವರು ಗಂಗಾವತ್ಯಾಗ ಆರಾಮ ಅದಾರ್ರಿ,” ಎಂದರು ಸಾಹುಕಾರ್ತಿ. “ಹೆಜ್ಜಿ ಅಷ್ಟ ನನ್ನ ಕೂಡ ತವರಿಗೆ ಬಂದಾವು.”