ಮುಂದೆ ದೇವರು, ಹಿಂದೆ ಬೇಲಿ

ಮೂಡಿಗೆರೆ ಕಡೆಯ ಸಾಹುಕಾರರೊಬ್ಬರಿಗೆ ಹಳೇ ನಾಣ್ಯದ ಹುಚ್ಚು. ಕಾಫಿಗೆ ರೇಟು ಬಂದ ಮೇಲೆ ಹಿಡಿದದ್ದು. ಎಂಥೆಂಥವೋ ನಾಣ್ಯ ಅವರಿಗೆ ಬೇಡ. ಗೆದ್ದವನು ಗೆದ್ದ ನೆಲದಲ್ಲಿ ಹೊರಡಿಸಿದ್ದೇ ಆಗಬೇಕು. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಮಲಯದಲ್ಲಿ ಹಂಚಿದ, ಬಾಳೆಗೊನೆ ಚಿತ್ರದ ಹತ್ತು ಡಾಲರ್ ನೋಟೂ ಅವರಲ್ಲಿದೆ. 1945ರಲ್ಲಿ ಜಪಾನ್ ಸೋತದ್ದೇ, ಅದಕ್ಕೆ ಬಾಳೆಲೆಯ ಬೆಲೆಯೂ ಉಳಿಯಲಿಲ್ಲ. ಆದರೆ ಶೋಕೇಸಿನಲ್ಲಿ ಪಟ್ಟಕ್ಕೆ ಕೂತಿರುವುದು ಹೈದರಾಲಿಯ ಬಹದ್ದೂರಿ ವರಾಹ.

1763ರಲ್ಲಿ ಹೈದರ್, ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಕಿತ್ತುಕೊಂಡು ಅದಕ್ಕೆ ತನ್ನದೇ ಹೆಸರಿಟ್ಟ. ಊರಿನ ಹೆಸರು ಬದಲಿಸಿದವನು ಅಲ್ಲಿನ ಇಕ್ಕೇರಿ ವರಾಹದ ಮೇಲಿದ್ದ ಶಿವಪಾರ್ವತಿಯರನ್ನು ಮಾತ್ರ ಕದಲಿಸಲಿಲ್ಲ. ಹಿಂಬದಿಯ ‘ಶ್ರೀ ಸದಾಶಿವ’ ಅಳಿಸಿ, ತನ್ನ ಹೆಸರಿನ ಮೊದಲ ಪಾರಸಿ ಅಕ್ಷರ ಒತ್ತಿದ, ಅಷ್ಟೆ. ಸಂತೆಯ ವ್ಯಾಪಾರಿಗೆ ಪರಿಚಯದ ದೇವರೂ ಸರಿಯಾದ ತೂಕವೂ ಇದ್ದರೆ ಸಾಕು, ದೊರೆ ಯಾರಾದರೇನು? 1799ರ ನಂತರ ಮುಮ್ಮಡಿ ಕೃಷ್ಣರಾಜರ ವರಾಹದಲ್ಲೂ ಅದೇ ದಂಪತಿ. ಹಿಂದೆ ‘ಶ್ರೀ ಕೃಷ್ಣರಾಜ’. ಸರ್ಕಾರ ಬದಲಾದರೂ ವರ್ಗಾವಣೆ ಇಲ್ಲದ ನೌಕರಿ ದೇವರದ್ದೊಂದೇ.

ನಮ್ಮ ಸಾಹುಕಾರರು ಮನೆಗೆ ಬಂದವರ ಪಕ್ಷ ನೋಡಿ ನಾಣ್ಯ ಮಗುಚುತ್ತಾರೆ. ಕೆಲವರಿಗೆ ಶಿವಪಾರ್ವತಿ, ಕೆಲವರಿಗೆ ಪಾರಸಿ ಅಕ್ಷರ. ರಾತ್ರಿ ವಾಟ್ಸಾಪಿನಲ್ಲಿ ಹೈದರನಿಗೆ ಹಿಡಿಶಾಪ ಹಾಕುವವರೂ ಅವರೇ, ಬೆಳಗಾದರೆ ಅವನ ಇನ್ನೊಂದು ವರಾಹಕ್ಕೆ ಹರಾಜು ಕೂಗುವವರೂ ಅವರೇ.

“ಬೇರೆಯವರ ಜಾಗಕ್ಕೆ ನುಗ್ಗಿದೋರ ದುಡ್ಡು ಮಾರಾಯ್ರೆ, ಇತಿಹಾಸ ಅಂದ್ರೆ ಇದು!” ಎನ್ನುತ್ತಾರೆ.

ನಿಜ. ಅವರ ತೋಟದಲ್ಲೂ ಇತಿಹಾಸವಿದೆ. ಪಹಣಿಯ ಎಕರೆಗೂ ಬೇಲಿಯೊಳಗಿನ ಎಕರೆಗೂ ತಾಳೆಯಾಗುವುದಿಲ್ಲ. ಬೇಲಿಯೊಳಗೆ ಸಿಕ್ಕಿಕೊಂಡ ಚೌಡಿಬನಕ್ಕೆ ವರ್ಷಕ್ಕೊಂದು ಕೋಳಿ ತಪ್ಪದೆ ಸಲ್ಲುತ್ತದೆ. ಬನದ ಸುತ್ತಲ ಗೋಮಾಳದಲ್ಲಿ ರೊಬಸ್ಟಾ ಹೂ ಬಿಡುತ್ತದೆ. ದೇವರನ್ನು ಇದ್ದಲ್ಲೇ ಇರಿಸಿ ಹಿಂದೆ ತನ್ನ ಗುರುತು ಒತ್ತುವ ವಿದ್ಯೆಗೆ ಹೈದರ್ ದಂಡು ಕಟ್ಟಿಕೊಂಡು ಬರಬೇಕಾಯಿತು, ಇವರಿಗೆ ಒಂದು ಜೆಸಿಬಿ ಸಾಕಾಯಿತು.

ಒತ್ತುವರಿ ಮಾಡಿ ತೋಟ ಎಬ್ಬಿಸಿದ ಸರ್ಕಾರಿ ಜಮೀನನ್ನು 25 ಎಕರೆಯವರೆಗೆ 30 ವರ್ಷ ಗುತ್ತಿಗೆಗೆ ಕೊಡಲು ಈಗ ಕಾನೂನೇ ಇದೆ. ಪಾಪ, ಹೈದರನಿಗೆ ಈ ಸವಲತ್ತು ಇರಲಿಲ್ಲ. ಸಾಹುಕಾರರು ಅರ್ಜಿ ಕೊಟ್ಟು ನಿಶ್ಚಿಂತೆಯಿಂದಿದ್ದಾರೆ. ಅವರ ಲೈನ್ ಮನೆಯ ಆಳುಗಳೂ ಮನೆ ಕಟ್ಟಲು ಒಂದು ಸೈಟು ಕೇಳಿ ಅರ್ಜಿ ಕೊಟ್ಟಿದ್ದಾರೆ. ಬಟವಾಡೆಯ ಮಾರನೇ ದಿನ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾರೆ.