ಟ್ಯೂಡರ್ ಮಹಾಶಯ

ಟ್ಯೂಡರ್ ಕಾಲದ ಚಿನ್ನದ ನಾಣ್ಯ ಕೂಡಿಹಾಕುವವನು ಇಂಗ್ಲೆಂಡಿನ ನಾಣ್ಯಪ್ರಿಯರಲ್ಲೇ ಒಂದು ಪ್ರತ್ಯೇಕ ಪಂಗಡ. 1485ರಲ್ಲಿ ಏಳನೆಯ ಹೆನ್ರಿ ಪಟ್ಟವೇರಿದಲ್ಲಿ ಇವನ ಪ್ರಪಂಚ ಶುರು. 1603ರಲ್ಲಿ ಒಂದನೆಯ ಎಲಿಜಬೆತ್ ಕಣ್ಣುಮುಚ್ಚಿದಲ್ಲಿಗೆ ಮುಕ್ತಾಯ. 1604ರ ನಾಣ್ಯ ತೋರಿಸಿದರೆ ‘ಇತ್ತೀಚಿನದು’ ಎಂದು ಪಕ್ಕಕ್ಕೆ ಸರಿಸುತ್ತಾನೆ.

ಚಿನ್ನ ಇಟ್ಟುಕೊಂಡಿದ್ದಾನೆಂದು ಇವನನ್ನು ಸಿರಿವಂತ ಎನ್ನುವಂತಿಲ್ಲ. ಇದ್ದದ್ದೆಲ್ಲ ಆ ಚಿನ್ನಕ್ಕೇ ಹೋಗಿರುತ್ತದೆ. 1489ರಲ್ಲಿ ಹುಟ್ಟಿದ ಸಾವರಿನ್ ಇಪ್ಪತ್ತು ಶಿಲಿಂಗಿನ ನಾಣ್ಯ, ತೂಕ ಹದಿನೈದೂವರೆ ಗ್ರಾಂ. ಒಂದು ಬದಿಗೆ ಸಿಂಹಾಸನದಲ್ಲಿ ರಾಜ, ಇನ್ನೊಂದು ಬದಿಗೆ ಅರಳಿದ ಗುಲಾಬಿ. ಏಳನೆಯ ಹೆನ್ರಿಯ ಸಾವರಿನ್ ಹರಾಜಿಗೆ ಬಂದರೆ ಮನೆ ಕೊಳ್ಳುವಷ್ಟು ಹಣ ಬೇಕು. ಹಾಗಾಗಿ ಮಹಾಶಯ ಸಾವರಿನ್ನಿನ ಚಿತ್ರ ನೋಡಿ ತೃಪ್ತನಾಗಿ, ಏಂಜಲ್ ಎಂಬ ನಾಣ್ಯ ಕೊಳ್ಳುತ್ತಾನೆ.

ಏಂಜಲ್ ಮೇಲೆ ಸಂತ ಮೈಕೇಲ್ ಘಟಸರ್ಪಕ್ಕೆ ಭರ್ಜಿ ಇರಿಯುತ್ತಿರುತ್ತಾನೆ. ಗಂಡಮಾಲೆ ರೋಗಿಗಳನ್ನು ದೊರೆ ಮುಟ್ಟಿ ಹರಸಿ, ಈ ನಾಣ್ಯವನ್ನು ಕೊರಳಿಗೆ ಕಟ್ಟಿಸುವ ಪದ್ಧತಿಯಿತ್ತು. ಕಟ್ಟಲು ತೂತು ಬೇಕಲ್ಲ! ರೋಗಿಗೆ ಗುಣವಾಯಿತೋ ಇಲ್ಲವೋ, ನಾಣ್ಯದ ಬೆಲೆಯಂತೂ ಬಿತ್ತು. ನಾನೂರೈವತ್ತು ವರ್ಷದ ಹಿಂದಿನ ಆ ರೋಗಿಯ ಮೇಲೆ ಮಹಾಶಯನ ಸಿಟ್ಟು ಇನ್ನೂ ಇಳಿದಿಲ್ಲ.

ಇವನ ನಿಜವಾದ ಕಾಟ ಎಂಟನೆಯ ಹೆನ್ರಿ. 1526ರಿಂದ ಹೊರಟ ಐದು ಶಿಲಿಂಗಿನ ಕ್ರೌನ್ ಮೇಲೆ ಆ ದೊರೆ ತನ್ನ ಹೆಸರಿನ ಮೊದಲಕ್ಷರದ ಜೊತೆಗೆ ರಾಣಿಯ ಹೆಸರಿನ ಮೊದಲಕ್ಷರವನ್ನೂ ಹಾಕಿಸಿದ. ಕ್ಯಾಥರೀನ್ ಹೋಗಿ ಆನ್ ಬಂದಾಗ ಅಕ್ಷರ ಬದಲು; ಆನ್ ತಲೆ ಹೋಗಿ ಜೇನ್ ಬಂದಾಗ ಮತ್ತೆ ಬದಲು. ಮೂವರನ್ನೂ ತಂದು ಕೂರಿಸದೆ ಸಂಗ್ರಹ ಪೂರ್ತಿಯಾಗದು. ಜೇನ್ ತೀರಿಕೊಂಡ ಮೇಲೆ ದೊರೆ ರಾಣಿಯ ಅಕ್ಷರ ಬಿಟ್ಟು ‘ರಾಜ’ ಎಂಬುದರ ಅಕ್ಷರ ಹಾಕಿಸಿದ್ದರಿಂದ ಮಹಾಶಯನ ಬ್ಯಾಂಕ್ ಖಾತೆ ಉಸಿರಾಡುತ್ತಿದೆ. ಅದೇ ದೊರೆ ಕೊನೆಗಾಲದಲ್ಲಿ ಚಿನ್ನವನ್ನು 20 ಕ್ಯಾರಟ್‌ಗೆ ಇಳಿಸಿದ ಸಂಗತಿಯನ್ನು, ತನ್ನದೇ ಸಂಬಳ ಕಡಿತವಾದವನಂತೆ, ಊಟಕ್ಕೆ ಬಂದ ನೆಂಟರ ಮುಂದೆ ತೋಡಿಕೊಳ್ಳುತ್ತಾನೆ. ಬೆರಕೆ ಚಿನ್ನದ ಆ ನಾಣ್ಯಗಳನ್ನೂ ಬಿಡದೆ ಕೊಂಡಿರುತ್ತಾನೆ, ಅದು ಬೇರೆ ಮಾತು.

ಸಾಮಾನ್ಯವಾಗಿ ಈ ಚಿನ್ನದ ನಾಣ್ಯಗಳ ಮೇಲೆ ಇಸವಿ ಇರುವುದಿಲ್ಲ. ಬರಹದ ಆರಂಭದಲ್ಲಿ ಟಂಕಸಾಲೆ ಒತ್ತಿದ ಪುಟ್ಟ ಗುರುತೇ ಕಾಲಸೂಚಿ: ಚಿಪ್ಪು, ಪೀಪಾಯಿ, ಉಣ್ಣೆಯ ಮೂಟೆ, ಹೀಗೆ. ಗುರುತು ಬದಲಾದರೆ ಅದು ಬೇರೆಯೇ ನಾಣ್ಯ. ‘ಇಂಥದು ಐದಿವೆಯಲ್ಲ?’ ಎಂದು ಮನೆಯಾಕೆ ಕೇಳಿದರೆ ಭೂತಗನ್ನಡಿ ಹಿಡಿದು ಕೂರಿಸುತ್ತಾನೆ. ಎರಡನೆಯ ಬಾರಿ ಆಕೆ ಕೇಳುವುದಿಲ್ಲ.

ಸುತ್ತಿಗೆಯಿಂದ ಬಡಿದು ನಾಣ್ಯ ಮಾಡುತ್ತಿದ್ದ ಆ ಕಾಲದಲ್ಲಿ, 1561ರಲ್ಲಿ, ಫ್ರಾನ್ಸಿನ ಎಲೋಯ್ ಮೆಸ್ಟ್ರೆಲ್ ಯಂತ್ರದಿಂದ ಗುಂಡನೆಯ, ಚೊಕ್ಕ ನಾಣ್ಯ ತೆಗೆದು ತೋರಿಸಿದ. 1578ರಲ್ಲಿ ಖೋಟಾ ನಾಣ್ಯದ ಆರೋಪದ ಮೇಲೆ ಅವನನ್ನು ನೇಣಿಗೆ ಹಾಕಿದರು. ಸುತ್ತಿಗೆ ಏಟಿನ ಸೊಟ್ಟ ನಾಣ್ಯಗಳ ಪರವಾದ ಮಹಾಶಯನಿಗೆ ಇದರಲ್ಲಿ ಅಷ್ಟೇನೂ ದುಃಖ ಕಾಣದು.

ನಾಣ್ಯಕ್ಕಿಂತ ಅದರಡಿಯ ಚೀಟಿಯ ಮೇಲೆ ಇವನಿಗೆ ಮೋಹ ಹೆಚ್ಚು. ಅದು ಹಿಂದೆ ಯಾರ ಬಳಿಯಿತ್ತೆಂಬ ವಂಶಾವಳಿ. ಹೆಸರಾಂತ ಸಂಗ್ರಾಹಕರಾದ ಹೈಮನ್ ಮಾಂಟಾಗ್ಯು ಅಥವಾ ಲಾಕೆಟ್ ಅವರ ಸಂಗ್ರಹದಿಂದ ಬಂದದ್ದಾದರೆ ಬೆಲೆ ಏರುತ್ತದೆ. ಇವನ ಕಾಲಾನಂತರ ಮಕ್ಕಳು ಅವಸರದಲ್ಲಿ ಎಲ್ಲವನ್ನೂ ಹರಾಜಿಗೆ ಕಳಿಸುತ್ತಾರೆ. ಚೀಟಿಗೆ ಇವನ ಹೆಸರೂ ಸೇರುತ್ತದೆ. ಮಕ್ಕಳು ಚೀಟಿ ಓದುವುದಿಲ್ಲ, ಚೆಕ್ ಓದುತ್ತಾರೆ.