ಕಾಫಿಸೀಮೆಯ ಬಾಹುಕ

ನಳಮಹಾರಾಜನು ರಾಜ್ಯವನ್ನು ಜೂಜಿನಲ್ಲಿ ಸೋತು, ಕಾರ್ಕೋಟಕನ ವಿಷದಿಂದ ರೂಪಗೆಟ್ಟು, ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಬಳಿ ಊಳಿಗಕ್ಕೆ ನಿಂತಾಗ ತನ್ನ ಯೋಗ್ಯತೆಯೆಂದು ಮುಖ್ಯವಾಗಿ ಹೇಳಿಕೊಂಡದ್ದು ಎರಡು ವಿದ್ಯೆಗಳನ್ನು: ಒಂದು ಅಶ್ವಶಿಕ್ಷಣ, ಇನ್ನೊಂದು ಪಾಕ. ಲಾಯವನ್ನೂ ಅಡುಗೆಮನೆಯನ್ನೂ ಏಕಕಾಲದಲ್ಲಿ ತೂಗಿಸಬಲ್ಲ ಅಂಥ ಪುರುಷರು ಪುರಾಣದೊಂದಿಗೇ ಮುಗಿದುಹೋದರೆಂದು ಭಾವಿಸಿರುವವರು ಮೂಡಿಗೆರೆಯ ಕಡೆಗೋ ಸಕಲೇಶಪುರದ ಕಡೆಗೋ ಒಂದು ಶನಿವಾರ ಬೆಳಿಗ್ಗೆ ಹೋಗಿ, ಕಾಫಿತೋಟದ ನಡುವೆ ಹೋಂಸ್ಟೇ ನಡೆಸುತ್ತ ಅದರ ಶೋಭೆಗೆಂದು ಕುದುರೆಗಳನ್ನೂ ಸಾಕಿಕೊಂಡಿರುವ ಯಾರಾದರೊಬ್ಬ ಗೌಡರನ್ನು ಕಣ್ಣಾರೆ ಕಂಡುಬರುವುದು ಒಳ್ಳೆಯದು. ಒಂದು ಕೈಯಲ್ಲಿ ಬೇಯಿಸಿದ ಹುರುಳಿಯ ಬಕೆಟ್ಟು, ಇನ್ನೊಂದು ಕೈಯಲ್ಲಿ ಅತಿಥಿಗಳ ಕಾಫಿಯ ಟ್ರೇ ಹಿಡಿದು, ಯಾವುದು ಯಾರಿಗೆಂಬುದನ್ನು ಕ್ಷಣಕಾಲ ಮರೆತು ಅಂಗಳದ ಮಧ್ಯದಲ್ಲಿ ನಿಂತಿರುವ ವ್ಯಕ್ತಿಯೇ ಅವರು.

ಇಂಥ ಗೌಡರು ಆ ಸೀಮೆಯಲ್ಲಿ ಒಬ್ಬರಲ್ಲ. ಆದರೆ ನಾನು ಹತ್ತಿರದಿಂದ ಬಲ್ಲವರು ಒಬ್ಬರು, ಅವರನ್ನು ಕಂಡರೆ ಉಳಿದವರನ್ನೂ ಕಂಡಂತೆಯೇ. ಅವರ ಅಜ್ಜನವರ ಕಾಲದಲ್ಲಿ ಕುದುರೆಯೆಂಬುದು ಅಲಂಕಾರವಾಗಿರಲಿಲ್ಲ; ತೋಟದ ಒಂದು ತುದಿಯಿಂದ ಇನ್ನೊಂದು ತುದಿಗೆ ಆಳುಗಳ ಕೆಲಸ ನೋಡಿಕೊಂಡು ಬರಲು ಬಿಳಿಯ ದೊರೆಗಳೂ, ಅವರನ್ನು ನೋಡಿ ನಮ್ಮವರೂ ಕುದುರೆಯನ್ನೇ ಏರುತ್ತಿದ್ದರು. ಅಜ್ಜನವರು ಕುದುರೆ ಕೊಳ್ಳುವಾಗ ಹಣೆಯ ಸುಳಿ, ಎದೆಯ ಸುಳಿ, ಬೆನ್ನಿನ ಸುಳಿಗಳನ್ನೆಲ್ಲ ಪರಮನಿಷ್ಠೆಯಿಂದ ಪರೀಕ್ಷಿಸುತ್ತಿದ್ದರೆಂದೂ, ಮಗಳಿಗೆ ಗಂಡು ನೋಡುವಾಗ ಅದರಲ್ಲಿ ಅರ್ಧ ಶ್ರಮವನ್ನೂ ವಹಿಸಲಿಲ್ಲವೆಂದೂ ಮನೆಯ ಹೆಂಗಸರು ಇಂದಿಗೂ ಹೇಳುವುದುಂಟು. ಆಮೇಲೆ ಜೀಪು ಬಂತು. ಜೀನು ಅಟ್ಟ ಸೇರಿತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾಗಳು ಮುರಿದುಬಿದ್ದು, ಬೆಲೆ ಕುಸಿದು, ನಡುವೆ ಒಮ್ಮೆ ಎದ್ದು, 2001ರ ಸುಮಾರಿಗೆ ಪುನಃ ನೆಲಕಚ್ಚಿದಾಗ, ಸಾಲದ ಬಡ್ಡಿಗೆ ಹೊಸ ದಾರಿ ಹುಡುಕಿದವರ ಪೈಕಿ ನಮ್ಮ ಗೌಡರೂ ಸೇರಿದ್ದರು. ಹಿತ್ತಲಿನ ಉಗ್ರಾಣಕ್ಕೆ ಹೆಂಚು ಬದಲಾಯಿಸಿ, ಬಿಸಿನೀರಿನ ನಲ್ಲಿ ಹಾಕಿಸಿ, ಗೇಟಿಗೊಂದು ಬೋರ್ಡು ತೂಗುಹಾಕಿದರು. ಬೋರ್ಡು ಬರೆದವನು, ಜಾಗ ಮಿಕ್ಕಿತಲ್ಲಾ ಎಂದು, ಮೂಲೆಯಲ್ಲೊಂದು ಕುದುರೆಯ ಚಿತ್ರವನ್ನು ಬಿಡಿಸಿಬಿಟ್ಟನು. ಬಂದವರೆಲ್ಲ "ಕುದುರೆ ಎಲ್ಲಿ ಸರ್?" ಎಂದು ಕೇಳತೊಡಗಿದ ಮೇಲೆ ಗೌಡರು ಚಿತ್ರವನ್ನು ಅಳಿಸುವ ಸುಲಭೋಪಾಯವನ್ನು ಬಿಟ್ಟು ಕುದುರೆಯನ್ನೇ ತರುವ ಮಾರ್ಗವನ್ನು ಹಿಡಿದರು. ವಂಶದ ರಕ್ತ ಎಲ್ಲಿಗೆ ಹೋದೀತು!

ಮೊದಲು ಬಂದವು ಎರಡು ತಟ್ಟುಗಳು. ಅನಂತರ ರೇಸಿನಿಂದ ನಿವೃತ್ತಿ ಹೊಂದಿದ ಒಂದು ಹೆಣ್ಣುಕುದುರೆ. ರೇಸಿನ ಕುದುರೆಗಳು ಎರಡು ಮೂರು ವರ್ಷದ ಪ್ರಾಯಕ್ಕೇ ಓಟಕ್ಕಿಳಿದು, ಹತ್ತು ತುಂಬುವುದರೊಳಗೆ ಬಹುಮಟ್ಟಿಗೆ ಮೈದಾನ ಬಿಡತಕ್ಕವು. ಆಯುಸ್ಸಾದರೋ 25ರಿಂದ 30 ವರ್ಷ. ಉಳಿದಷ್ಟು ದೀರ್ಘಕಾಲದ ಪಿಂಚಣಿಯನ್ನು ಯಾರು ಕೊಡಬೇಕೆಂಬ ಪ್ರಶ್ನೆಗೆ ನಮ್ಮ ಗೌಡರು ಉತ್ತರವಾಗಿ ಒದಗಿದರು. ದಾಖಲೆಯಲ್ಲಿ ಅದಕ್ಕೆ ಯಾವುದೋ ಭವ್ಯವಾದ ಇಂಗ್ಲಿಷ್ ನಾಮಧೇಯವಿದ್ದರೂ, ನೋಡಿಕೊಳ್ಳುವ ಹುಡುಗನು ಅದನ್ನು "ಮಾರಾಣಿ" ಎಂದೇ ಕರೆಯುತ್ತಾನೆ; ಅದರ ನಡವಳಿಕೆಗೆ ಈ ಹೆಸರೇ ತಕ್ಕದ್ದು. ನೇರವಾದ ದಾರಿಯೊಂದನ್ನು ಕಂಡಿತೆಂದರೆ ಪೂರ್ವಾಶ್ರಮದ ಸ್ಮರಣೆಯುಂಟಾಗಿ ನಾಗಾಲೋಟಕ್ಕೆ ತೊಡಗುವುದರಿಂದ ಅದರ ಮೇಲೆ ಅತಿಥಿಗಳನ್ನು ಹತ್ತಿಸುವಂತಿಲ್ಲ. ಅದು ಕೇವಲ ಫೋಟೋಗೆ ನಿಲ್ಲುತ್ತದೆ, ಅದೂ ಬೆಲ್ಲ ಕೊಟ್ಟರೆ. ಸವಾರಿಯ ಭಾರವೆಲ್ಲ ತಟ್ಟುಗಳದು. ಅವು ಎಂಥ ಸವಾರನನ್ನಾದರೂ ಬೆನ್ನಮೇಲೆ ಹೊತ್ತು, ಅವನು ಎತ್ತ ಎಳೆದರೂ ಲಗಾಮನ್ನು ಲೆಕ್ಕಿಸದೆ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳ ಸಾಲನ್ನು ಒಂದು ಸುತ್ತು ಹಾಕಿ, ಬಾಳೆಹಣ್ಣಿನ ಸಿಪ್ಪೆ ಸಿಕ್ಕುವ ಅಡುಗೆಮನೆಯ ಹಿಂಬಾಗಿಲಿಗೆ ಬಂದು ನಿಲ್ಲುತ್ತವೆ. "ನಿಮ್ಮ ಕೈಗೆ ಎಷ್ಟು ಚೆನ್ನಾಗಿ ಒಗ್ಗಿದೆ ಸರ್!" ಎಂದು ಗೌಡರು ಸವಾರನನ್ನು ಕೊಂಡಾಡುತ್ತಾರೆ.

ಕುದುರೆಯನ್ನು ದೂರದಿಂದ ನೋಡಿ ಪ್ರೀತಿಸುವವರಿಗೆ ಅದರ ಜಠರವ್ಯವಹಾರ ತಿಳಿಯದು. ಅಷ್ಟು ದೊಡ್ಡ ದೇಹಕ್ಕೆ ವಿಧಾತನು ಇಟ್ಟಿರುವುದು ತೀರ ಸಣ್ಣ ಜಠರ. ಆದುದರಿಂದ ಅದು ದಿನದ ಬಹುಭಾಗ ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರಬೇಕು. ಕುಡಿಯುವ ನೀರು ದಿನಕ್ಕೆ 30 ಲೀಟರಿಗೆ ಕಡಿಮೆಯಿಲ್ಲ. ಹೊರಗೆ ಬರುವ ಲದ್ದಿಯೂ 15 ಕಿಲೋಗೆ ಕಡಿಮೆಯಿಲ್ಲ. ಗೊರಸು ಉಗುರಿನ ಹಾಗೆ ಬೆಳೆಯುವುದರಿಂದ ಆರೆಂಟು ವಾರಕ್ಕೊಮ್ಮೆ ಕತ್ತರಿಸಿ ಲಾಳ ಕಟ್ಟಿಸಬೇಕು, ಲಾಳ ಕಟ್ಟುವವನಾದರೋ ಜಿಲ್ಲಾಧಿಕಾರಿಗಿಂತ ದುರ್ಲಭದರ್ಶನನು. ಇವೆಲ್ಲಕ್ಕೂ ಮಿಗಿಲಾದದ್ದು ಮಲೆನಾಡಿನ ಮಳೆಗಾಲ. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವಾಗ, ಒದ್ದೆ ನೆಲದಲ್ಲಿ ನಿಂತು ಗೊರಸು ಕೊಳೆಯದಂತೆ ಲಾಯಕ್ಕೆ ಒಣಹುಲ್ಲು ಹಾಸಿ, ಸಂಜೆ ಕಾಲುಗಳಿಗೆ ಹತ್ತಿದ ಇಂಬಳಗಳನ್ನು ಒಂದೊಂದಾಗಿ ಸುಣ್ಣ ಮುಟ್ಟಿಸಿ ಬಿಡಿಸುವುದು ಗೌಡರ ನಿತ್ಯಕರ್ಮ. ಅದೇ ಸುಣ್ಣದ ಡಬ್ಬಿಯನ್ನು ಹಿಡಿದು ಅವರು ಜಲಪಾತಕ್ಕೆ ಹೋಗಿಬಂದ ಅತಿಥಿಗಳ ಕಾಲುಗಳಿಗೂ ಬರುತ್ತಾರೆ. ಕುದುರೆಗಳು ಚೀರುವುದಿಲ್ಲ, ಇಷ್ಟೇ ಭೇದ.

ಅತಿಥಿಗಳು ಸಾಮಾನ್ಯವಾಗಿ ಶುಕ್ರವಾರ ಎಂಟಕ್ಕೆ ಬರುತ್ತೇವೆಂದು ಹೇಳಿ ರಾತ್ರಿ ಒಂದು ಗಂಟೆಗೆ ಬರುತ್ತಾರೆ. ಅಕ್ಕಿರೊಟ್ಟಿಯನ್ನು ಮುಂಚಿತವಾಗಿ ತಟ್ಟಿಟ್ಟರೆ ಚಕ್ಕಳವಾಗುವುದರಿಂದ ಮನೆಯವರು ಹಿಟ್ಟು ಕಲಸಿಟ್ಟುಕೊಂಡು ಒಲೆಯ ಮುಂದೆ ಕಾಯಬೇಕು. ಗೌಡರು ಟಾರ್ಚು ಹಿಡಿದು ಗೇಟಿನಲ್ಲಿ ಕಾಯಬೇಕು. ಕಾರಿನಿಂದ ಇಳಿದವರ ಪ್ರಥಮ ವಾಕ್ಯ "ಅಂಕಲ್, ವೈಫೈ ಪಾಸ್‌ವರ್ಡ್?" ಎಂಬುದು; ದ್ವಿತೀಯ ವಾಕ್ಯ "ಇಲ್ಲಿ ಆನೆ ಬರುತ್ತಾ?" ಎಂಬುದು. ಬರುತ್ತದೆಂದರೆ ಮಕ್ಕಳು ಹೆದರುತ್ತಾರೆ, ಬರುವುದಿಲ್ಲವೆಂದರೆ ದೊಡ್ಡವರು ನಿರಾಶರಾಗುತ್ತಾರೆ. ಆದುದರಿಂದ ಗೌಡರು "ಮೊನ್ನೆ ಪಕ್ಕದ ತೋಟಕ್ಕೆ ಬಂದಿತ್ತು" ಎಂದು ಉತ್ತರಿಸುವುದನ್ನು ಅಭ್ಯಾಸಮಾಡಿಕೊಂಡಿದ್ದಾರೆ. ತಂದೆಯ ಕಾಲದಲ್ಲಿ ಆ ಜಗಲಿಯ ಮೇಲೆ ಹೇಳದೆ ಕೂರುವ ಧೈರ್ಯ ಯಾರಿಗೂ ಇರಲಿಲ್ಲ, ಇಂದು ಅದೇ ಜಗಲಿಯಲ್ಲಿ ಕಾಲು ಚಾಚಿ ಕುಳಿತ ತರುಣನ ಮುಂದೆ ಗೌಡರು ನಿಂತುಕೊಂಡು, "ಕೋಳಿ ಸಾರಿಗೆ ಖಾರ ಹೆಚ್ಚಾಯ್ತಾ ಸರ್?" ಎಂದು ವಿಚಾರಿಸುತ್ತಾರೆ. ಆ ವಿಚಾರಣೆಯಲ್ಲಿ ಕಪಟವಿಲ್ಲ. ಅಷ್ಟೇ ಶ್ರದ್ಧೆಯಿಂದ ಅವರು ಮಾರಾಣಿಯ ಲದ್ದಿಯನ್ನೂ ಬಗ್ಗಿ ನೋಡುತ್ತಾರೆ.

ಒಂದು ಭಾನುವಾರದ ರಾತ್ರಿ ನಡೆದದ್ದನ್ನು ಹೇಳದಿದ್ದರೆ ಈ ಚಿತ್ರ ಪೂರ್ಣವಾಗದು. ಮೃದುಹೃದಯರಾದ ಅತಿಥಿಯೊಬ್ಬರು, ಪಾಪ ಎಷ್ಟು ಹಸಿದಿದೆಯೋ ಎಂದು, ತಾವು ತಂದಿದ್ದ ಬ್ರೆಡ್ಡಿನ ಎರಡು ಪೊಟ್ಟಣಗಳನ್ನೂ ಉಳಿದ ರೊಟ್ಟಿಗಳನ್ನೂ ಯಾರಿಗೂ ತಿಳಿಯದಂತೆ ಮಾರಾಣಿಗೆ ಸಮರ್ಪಿಸಿದರು. ಕುದುರೆಗೆ ವಾಂತಿಯೆಂಬುದು ಅಸಾಧ್ಯ. ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು. ಹನ್ನೊಂದು ಗಂಟೆಗೆ ಅದು ಮುಂಗಾಲಿನಿಂದ ನೆಲ ಕೆರೆಯುತ್ತ, ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳತೊಡಗಿತು. ಹುಡುಗನು "ಗೌಡ್ರೇ, ಶೂಲೆ ಬಂದದೆ!" ಎಂದು ಕೂಗಿದನು. ಪಶುವೈದ್ಯರು ಬರುವವರೆಗೆ ಅದು ನೆಲಕ್ಕೆ ಬಿದ್ದು ಹೊರಳದಂತೆ ಗೌಡರು ಕಂಬಳಿಕೊಪ್ಪೆ ಹಾಕಿಕೊಂಡು, ಹಗ್ಗ ಹಿಡಿದು, ಜಡಿಮಳೆಯಲ್ಲಿ ಅಂಗಳದ ತುಂಬ ನಡೆಸಿದರು. ವೈದ್ಯರು ಬಂದು ಮೂಗಿನ ಮೂಲಕ ಹೊಟ್ಟೆಗೆ ನಳಿಗೆಯಿಳಿಸಿ ಲಿಕ್ವಿಡ್ ಪ್ಯಾರಫಿನ್ ಹೊಯ್ದು ಹೋದ ಮೇಲೆಯೂ ನಡಿಗೆ ನಿಲ್ಲಲಿಲ್ಲ. ಬೆಳಗಿನ ಜಾವಕ್ಕೆ ಮಾರಾಣಿಯು ಲದ್ದಿ ಹಾಕಿತು. ಮಗನು ಪರೀಕ್ಷೆಯಲ್ಲಿ ತೇರ್ಗಡೆಯಾದಾಗಲೂ ಗೌಡರ ಮುಖದಲ್ಲಿ ಅಂಥ ಕಾಂತಿಯನ್ನು ನಾನು ಕಂಡಿರಲಿಲ್ಲ. ಎಂಟು ಗಂಟೆಗೆ ಎದ್ದ ಆ ಅತಿಥಿಗಳು, "ಪ್ರಶಾಂತ ವಾತಾವರಣ ಅಂತ ಹಾಕಿದ್ದೀರಿ, ರಾತ್ರಿಯೆಲ್ಲಾ ಟಕಟಕ ಅಂತ ಸದ್ದು, ನಿದ್ದೆಯೇ ಇಲ್ಲ" ಎಂದು ದೂರಿದರು. ಗೌಡರು ಕೈಮುಗಿದು, "ಇನ್ನೊಂದು ಕಡುಬು ಹಾಕಿಸಲಾ ಸರ್?" ಎಂದರು.

ನಳನಿಗೆ ಋತುಪರ್ಣನು ಅಶ್ವಹೃದಯಕ್ಕೆ ಬದಲಾಗಿ ಅಕ್ಷಹೃದಯವನ್ನು, ಎಂದರೆ ದಾಳದ ಮರ್ಮವನ್ನೂ ತಾರೆಮರದ ಎಲೆಗಳನ್ನು ನಿಂತಲ್ಲೇ ಎಣಿಸಬಲ್ಲ ಗಣಿತವನ್ನೂ, ಉಪದೇಶಿಸಿದನಷ್ಟೆ. ನಮ್ಮ ಗೌಡರಿಗೆ ಅದು ಇನ್ನೂ ಲಭಿಸಿಲ್ಲ. ಆ ವಿದ್ಯೆ ಪೂರ್ತಿಯಾಗಿ ಅವರ ಮನೆಯವರಲ್ಲಿ ನೆಲೆಸಿದೆ. ಮಾರ್ಚ್ ತಿಂಗಳ ಕೊನೆಯಲ್ಲಿ, ಹೂಮಳೆ ಬಿತ್ತೋ ಇಲ್ಲವೋ ಎಂದು ಗೌಡರು ಆಕಾಶ ನೋಡುತ್ತಿರುವಾಗ, ಆ ತಾಯಿ ನೋಟ್‌ಬುಕ್ಕು ತೆರೆದು ವರ್ಷದ ಜಮಾಖರ್ಚನ್ನು ಓದಿ ಹೇಳುತ್ತಾರೆ: ಅತಿಥಿಗಳಿಂದ ಬಂದದ್ದನ್ನು ಕುದುರೆಗಳು ತಿಂದಿವೆ, ಕುದುರೆಗಳ ಲದ್ದಿಯನ್ನು ಮೆಣಸಿನ ಬಳ್ಳಿ ತಿಂದಿದೆ, ಮೆಣಸಿನ ಹಣದಲ್ಲಿ ಅತಿಥಿಗಳಿಗೆ ಹೊಸ ಹಾಸಿಗೆ ಬಂದಿದೆ. "ಹಂಗಾದ್ರೆ ಕುದುರೆ ಮಾರಿಬಿಡೋಣ ಅಂತೀಯಾ?" ಎಂದು ಗೌಡರು ದೀನಸ್ವರದಿಂದ ಕೇಳಿದರೆ, "ಮಾರಿ ನೀವೇನು ಮಾಡ್ತೀರಿ? ಒಳಗೆ ಬಂದು ಕೂತು ನನ್ನ ಅಡುಗೇಲಿ ಹುಳುಕು ಹುಡುಕ್ತೀರಿ. ಇರ್ಲಿ ಬಿಡಿ" ಎಂದು ಆಕೆ ನೋಟ್‌ಬುಕ್ಕು ಮುಚ್ಚುತ್ತಾರೆ.

ಓದುಗರಲ್ಲಿ ಯಾರಾದರೂ ಬರುವ ರಜೆಯಲ್ಲಿ ಆ ಕಡೆ ಹೋಗುವುದಾದರೆ ದಯಮಾಡಿ ರಾತ್ರಿ ಎಂಟರೊಳಗೆ ತಲಪಿರಿ, ಮತ್ತು ಕುದುರೆಗೆ ಬ್ರೆಡ್ಡು ಹಾಕಬೇಡಿ.